ಬಿಸಿಲಿಗೆ ಇಟ್ಟ ಗಾಜು

ಅಂದು ಲ್ಯಾಬಿನಿಂದ ಬೇಗ ಮನೆಗೆ ಬಂದು ತಾರಸಿಯ ಬಾಗಿಲು ತಳ್ಳಿದ ಸೊಸೆ ಅಲ್ಲೇ ನಿಂತುಬಿಟ್ಟಳು. ನಡುಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ಸೌರಕೋಶದ ಗಾಜುಗಳು ಮಾತ್ರ ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟಿನಡಿ ತಣ್ಣಗೆ ಮಲಗಿದ್ದವು. ಹಾರದಿರಲೆಂದು ನಾಲ್ಕು ಮೂಲೆಗೂ ಇಟ್ಟಿಗೆ ಚೂರು. ಬಟ್ಟೆಗೆ ಹತ್ತಿದ ಕೆಂಪು ಕಲೆ ನೋಡಿದರೆ ಇದು ಇವತ್ತೊಂದು ದಿನದ ಕೆಲಸವಲ್ಲ.

"ಅತ್ತೆ! ಇದನ್ನ ಮುಚ್ಚಿದ್ದು ಯಾರು?"

ಅತ್ತೆ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲೇರಿ ಬಂದರು. "ನಾನೇ ಕಣೆ. ದಿನಾ ನೀನು ಹೋದ್ಮೇಲೆ ಮುಚ್ತೀನಿ, ಬರೋ ಹೊತ್ತಿಗೆ ತೆಗೀತೀನಿ. ಅಷ್ಟು ಕಷ್ಟಪಟ್ಟು ಮಾಡಿದ್ದು, ಬಿಸಿಲಿಗೆ ಹಾಳಾಗ್ಬಾರ್ದಲ್ಲ!"

ಆಯುಷ್ಯವೆಲ್ಲ ಬಟ್ಟೆ ಹೊಲಿದವರು ಅತ್ತೆ. ಅಂಗಡಿಯ ಗಾಜಿನ ಕಪಾಟಿಗೆ ಬಿಸಿಲು ಬಿದ್ದೊಡನೆ, ಬಟ್ಟೆಯ ಬಣ್ಣ ಮಾಸದಿರಲೆಂದು ಪರದೆ ಎಳೆಯುವುದು ಅವರ ಕೈಗಂಟಿದ ಚಾಳಿ.

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಾಜಿನ ಮೇಲೆ ಕೂದಲಿಗಿಂತ ತೆಳುವಾಗಿ ಹಚ್ಚಿದ ಆ ಕಪ್ಪು ಪದರ ಬಿಸಿಲನ್ನು ಕರೆಂಟಾಗಿಸುವುದರಲ್ಲಿ ಎತ್ತಿದ ಕೈ. ಅದರ ರೋಗವೂ ಬಿಸಿಲೇ. ಕೆಲವೇ ವಾರಗಳಲ್ಲಿ ಅಂಚಿನಿಂದ ಹಳದಿ ತಿರುಗಿ ಕೆಲಸಕ್ಕೆ ಬಾರದಾಗುತ್ತದೆ. ಅದನ್ನು ಕಾಯಲು ಹೊಸದೊಂದು ಲೇಪ ಕಂಡುಹಿಡಿದು ಹಚ್ಚಿದ್ದಳು. ಲ್ಯಾಬಿನ ಸುತ್ತ ಎತ್ತರದ ಕಟ್ಟಡಗಳ ನೆರಳೆಂದು ಗಾಜುಗಳನ್ನು ಮನೆಯ ತಾರಸಿಯಲ್ಲಿಟ್ಟಿದ್ದಳು. ತಿಂಗಳಿಗೊಮ್ಮೆ ಒಯ್ದು ಅಳೆದಾಗಲೆಲ್ಲ ಮೊದಲ ದಿನದಷ್ಟೇ ಕರೆಂಟು. ಲ್ಯಾಬಿನವರೆಲ್ಲ ಕುಣಿದಾಡಿದ್ದರು. ನಾಳೆ ದೊಡ್ಡ ಸಭೆಯಲ್ಲಿ ಅವಳೇ ಅದನ್ನು ಮಂಡಿಸಬೇಕಿತ್ತು.

"ಇವು ಬಿಸಿಲು ತಡ್ಕೊಳ್ಳುತ್ತಾ ಅಂತ ನೋಡೋಕೇ ಇಟ್ಟಿದ್ದು, ಅತ್ತೆ."

ಅತ್ತೆಯ ಮುಖ ಸಪ್ಪಗಾಯಿತು. "ಅಯ್ಯೋ, ಎಂಥಾ ಕೆಲಸ ಮಾಡ್ಬಿಟ್ಟೆ!" ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ ಬಿಡು. ನಾನಂತೂ ಬಾಯಿ ಬಿಡಲ್ಲ" ಎಂದರು.

ಒಂದು ಕ್ಷಣ ಆ ಮಾತು ಸೊಸೆಗೂ ರುಚಿಸಿತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆದರೆ ತನ್ನ ಲೇಪದ ಮೇಲೆ ಅವಳಿಗೆ ಗಟ್ಟಿ ನಂಬಿಕೆ. ಬೆಡ್‌ಶೀಟಿಗೆ ಸಲ್ಲಬೇಕಾದ ಹೆಸರನ್ನು ಲೇಪಕ್ಕೆ ಕೊಡಿಸುವುದೆಂದರೆ ಆ ಲೇಪಕ್ಕೇ ಅವಮಾನವಲ್ಲವೇ? ಅಲ್ಲೇ ನಿಂತು ಲ್ಯಾಬಿನ ಮುಖ್ಯಸ್ಥೆಗೆ ಫೋನ್ ಮಾಡಿದಳು.

"ಮೇಡಂ, ನಾಳೆ ನಾನು ಮಾತಾಡಲ್ಲ. ಸೆಲ್‌ಗಳಿಗೆ ಸರಿಯಾಗಿ ಬಿಸಿಲೇ ಬಿದ್ದಿಲ್ಲ." ನಡೆದದ್ದನ್ನೆಲ್ಲ ಹೇಳಿದಳು.

ಆ ಕಡೆ ಒಂದು ನಿಟ್ಟುಸಿರು, ಹಿಂದೆಯೇ ತಡೆಯಲಾರದ ನಗು. "ನಿಮ್ಮತ್ತೆ ಚೆನ್ನಾಗೇ ನೋಡ್ಕೊಂಡಿದಾರೆ ಬಿಡು! ಸರಿ, ಮತ್ತೆ ಮೊದಲಿಂದ ಮಾಡೋ ಧೈರ್ಯ ಇದೆಯಾ? ಹಳದಿ ಆಗ್ಬಿಟ್ರೆ?"

"ಆಗೋದಾದ್ರೆ ಬಿಸಿಲಲ್ಲೇ ಆಗ್ಲಿ, ಮೇಡಂ. ಆಗಲ್ಲ, ನೋಡ್ತಿರಿ."

ಹೊಸ ಗಾಜುಗಳು ತಾರಸಿ ಏರಿದವು. ಮೊದಮೊದಲು ಅತ್ತೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಹಾರಿಬಂದು ಮುಚ್ಚಿಕೊಂಡರೆ ಏನು ಗತಿ? ಬೇರೆಯವರನ್ನು ನಂಬುವ ಪೈಕಿಯಲ್ಲ ಅವರು. ಕಾವಲಿಗೆ ತಾವೇ ಕೂತರು.

ತಿಂಗಳುಗಳು ಉರುಳಿದ ಮೇಲೆ ಒಂದು ರಜಾದಿನ ಸೊಸೆ ಮಧ್ಯಾಹ್ನ ಮೇಲೆ ಬಂದಳು. ಅತ್ತೆ ಕುರ್ಚಿ ಹಾಕಿ, ಕೊಡೆ ಹಿಡಿದು ಕೂತಿದ್ದರು. ಅವರ ಮುಂಗೈ ಬಿಸಿಲಿಗೆ ಕಪ್ಪಾಗಿತ್ತು. ಗಾಜುಗಳೂ ಕಪ್ಪಗೇ ಇದ್ದವು, ಅಂಚಿನವರೆಗೂ.

ಸೂರ್ಯ ಒಂದಿಷ್ಟು ವಾಲಿದ. ಕೊಡೆಯ ನೆರಳು ಮೆಲ್ಲಗೆ ಗಾಜಿನತ್ತ ಸರಿಯಿತು. ಅದು ಮುಟ್ಟುವ ಮೊದಲೇ ಅತ್ತೆ ಎದ್ದು, ಕುರ್ಚಿಯನ್ನು ಒಂದು ಮಾರು ಆಚೆಗೆಳೆದು, ಮತ್ತೆ ಕೂತರು.