ಸೀಸ ಹಿಡಿಯುವ ಡ್ರಮ್ಮು

ಆ ಬೀದಿಯಲ್ಲಿ ಹಳೆಯ ಬ್ಯಾಟರಿ ರಿಪೇರಿ ಮಾಡುವವರೇ ಹೆಚ್ಚು. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ. ಬ್ಯಾಟರಿ ತೊಳೆದ ನೀರು ಹಿತ್ತಲ ಚರಂಡಿಗೆ ಹೋಗುತ್ತಿತ್ತು. ಚರಂಡಿಯ ಪಕ್ಕದಲ್ಲೇ ಎಲ್ಲರೂ ನೀರು ಸೇದುವ ಬಾವಿ.

ಒಂದು ಮನೆಯ ಪುಟ್ಟಿಗೆ ಪದೇಪದೇ ಹೊಟ್ಟೆನೋವು. ಊಟ ಬೇಡ, ಆಟವೂ ಬೇಡ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಮೈಯಲ್ಲಿ ಬ್ಯಾಟರಿಯ ಸೀಸ ಸೇರಿದೆ, ಇನ್ನೂ ಸೇರಿದರೆ ಮಿದುಳಿಗೆ ಪೆಟ್ಟು ಎಂದರು. ಬಾವಿ ನೀರು ಬಿಡಿ ಎಂದರು. ಬೇರೆ ನೀರು ಆ ಬೀದಿಗೆ ಬರುತ್ತಿದ್ದುದೇ ಅಪರೂಪ.

ಆಗ ನೀರು ಪರೀಕ್ಷೆಯ ಲ್ಯಾಬಿನಿಂದ ಒಬ್ಬ ಹುಡುಗಿ ಬಂದಳು. ಬ್ಯಾಟರಿ ತೊಳೆದ ನೀರು ಚರಂಡಿ ಸೇರುವ ಮೊದಲು ಹಾದುಹೋಗಲೆಂದು ಪುಟ್ಟಿಯ ಮನೆಯ ಹಿತ್ತಲಲ್ಲಿ ಒಂದು ಡ್ರಮ್ಮು ಕೂರಿಸಿದಳು. ಇದು ಪ್ರಯೋಗ, ನಿಮಗೆ ಒಪ್ಪಿಗೆಯಿದ್ದರೆ ಮಾತ್ರ ಎಂದಳು. ಮನೆಯ ಮಗ, ಪುಟ್ಟಿಯ ಅಪ್ಪ, ಒಪ್ಪಿದ. ಅವನ ತಾಯಿ, ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಅಜ್ಜಿ, ಹುಬ್ಬು ಗಂಟಿಕ್ಕಿದಳು.

"ಇದರೊಳಗೆ ಏನಮ್ಮಾ ಇರೋದು?"

"ಮೆತ್ತನೆ ಮಣಿಗಳು ಅಜ್ಜಿ. ಮಣಿಯೊಳಗೆ ಬ್ಯಾಕ್ಟೀರಿಯಾ."

"ಕ್ರಿಮಿನಾ! ಕ್ರಿಮಿ ಸಾಯಿಸಿಯೇ ಸಂಬಳ ತಗೊಂಡವಳು ನಾನು. ನೀನು ಮನೆಗೇ ತಂದು ಸಾಕ್ತೀಯಲ್ಲ!"

"ಇವು ರೋಗ ತರೋ ಜಾತಿ ಅಲ್ಲ. ಸೀಸ ಹಿಡಿಯೋ ಒಂದು ಪ್ರೋಟೀನು ಇವುಗಳ ಮೈಮೇಲೆ ಬೆಳೆಯೋ ಹಾಗೆ ಮಾಡಿದ್ದೀವಿ. ಬಟ್ಟೆಗೆ ಮುಳ್ಳುಕಾಯಿ ಅಂಟಲ್ವಾ, ಹಾಗೆ ನೀರಿನ ಸೀಸ ಅದಕ್ಕೆ ಅಂಟ್ಕೊಳ್ಳುತ್ತೆ."

"ತಪ್ಪಿಸಿಕೊಂಡು ಬಾವಿಗೆ ಬಿದ್ರೆ?"

"ನಾವು ಕೊಡೋ ಒಂದು ಆಹಾರ ಇಲ್ದೆ ಇವು ಬದುಕದ ಹಾಗೆ ಮಾಡಿದ್ದೀವಿ. ಆದ್ರೂ ಪ್ರತಿ ವಾರ ಬಂದು ನೋಡ್ತೀನಿ."

"ಅಂದ್ರೆ ನಿಂಗೂ ನಂಬಿಕೆ ಇಲ್ಲ!"

"ಇಲ್ಲ ಅಜ್ಜಿ. ಅದಕ್ಕೇ ಪರೀಕ್ಷೆ."

ಅಜ್ಜಿ ಮೂಗು ಮುರಿದಳು. ಆದರೂ ಹುಡುಗಿ ಬಿಸಿಲಲ್ಲಿ ನಿಂತಿದ್ದು ಕಂಡು ನೆರಳಿಗೆ ಸ್ಟೂಲು ಎಳೆದಿಟ್ಟಳು.

ಮುಂದಿನ ವಾರ ನೀರು ಪರೀಕ್ಷಿಸಿದ ಹುಡುಗಿಯ ಮುಖ ಬಾಡಿತು. ಡ್ರಮ್ಮಿಗೆ ಹೋಗುವ ನೀರಿಗಿಂತ ಹೊರಬರುವ ನೀರಿನಲ್ಲೇ ಸೀಸ ಹೆಚ್ಚಿತ್ತು.

"ನಮ್ಮ ಮಗು ಅಂದ್ರೆ ನಿಮಗೆ ಆಟದ ಸಾಮಾನಾ?" ಮಗ ಕೂಗಾಡಿದ. "ಎತ್ಕೊಂಡು ಹೋಗಿ ಇದನ್ನ!"

ಹುಡುಗಿ ಮೊದಲು ಹೊರಕೊಳವೆಯನ್ನು ಮುಚ್ಚಿದಳು. ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಬಡಿಯಿತು.

"ಯಾರಾದ್ರೂ ಬ್ಲೀಚಿಂಗ್ ಪೌಡರ್ ಹಾಕಿದ್ರಾ?"

ಸೊಸೆ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದಳು.

"ನಾನೇ ಹಾಕ್ದೆ," ಅಜ್ಜಿ ಎಂದಳು. "ವಾರ್ಡಲ್ಲಿ ಹಾಕ್ತಿದ್ದ ಹಾಗೇ. ಮೊಮ್ಮಗಳು ಓಡಾಡೋ ಜಾಗ ಇದು."

"ಪೌಡರು ಆ ಪ್ರೋಟೀನನ್ನೇ ಹಾಳುಮಾಡ್ತು ಅಜ್ಜಿ. ಹಿಡಿದಿದ್ದ ಸೀಸಾನೆಲ್ಲಾ ಅದು ನೀರಿಗೆ ಬಿಟ್ಟುಬಿಡ್ತು."

"ಬಾವಿಗಾ?" ಅಜ್ಜಿ ಬಾವಿಯ ಕಡೆ ತಿರುಗಿದಳು. "ನಾನೇ ಮಗೂಗೆ…"

"ತಪ್ಪು ನಂದೂ ಇದೆ. ಏನು ಹಾಕಬಾರದು ಅಂತ ನಾನು ಹೇಳಲೇ ಇಲ್ಲ," ಎಂದು ಹುಡುಗಿ ಆಕೆಯ ಕೈ ಹಿಡಿದುಕೊಂಡಳು.

ಅಂದೇ ಬೀದಿಗೆ ಟ್ಯಾಂಕರ್ ನೀರು ತರಿಸಿ, ಬಾವಿಗೆ ಮುಚ್ಚಳ ಹಾಕಿಸಿದಳು. ಹಳೆಯ ಮಣಿಗಳಲ್ಲಿ ಸೀಸ ಉಳಿದಿರಬಹುದೆಂದು ಅವನ್ನು ಬಿಗಿ ಡಬ್ಬಿಯಲ್ಲಿ ಒಯ್ದಳು. ಹೊಸ ಮಣಿ ಬಂದ ಮೇಲೆ ಅಜ್ಜಿಯೇ ಕಾವಲು. "ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡು, ಬಾಯಿಮಾತು ಬೇಡ" ಎನ್ನುವಳು. ವಾರ ವಾರಕ್ಕೂ ಹೊರನೀರಿನಲ್ಲಿ ಸೀಸ ಇಳಿಯಿತು. ಟ್ಯಾಂಕರಿನ ಒಳ್ಳೆಯ ನೀರು ಕುಡಿದು ಪುಟ್ಟಿಯ ರಕ್ತದಲ್ಲೂ ನಿಧಾನವಾಗಿ ಇಳಿಯುತ್ತಾ ಬಂತು. ಒಂದು ಮಧ್ಯಾಹ್ನ ಅವಳು ತಟ್ಟೆ ಬಡಿದು, "ಇನ್ನೂ ಬೇಕು!" ಎಂದಳು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಡ್ರಮ್ಮು ಇರಲಿ ಬಿಡಿ," ಎಂದ ಮಗ.

ಅಕ್ಕಂದಿರೇ, ಅಣ್ಣಂದಿರೇ, ಹೊಸದೇನಾದರೂ ನಿಮ್ಮ ಬಾಗಿಲಿಗೆ ಬಂದರೆ ಧಾರಾಳವಾಗಿ ಅನುಮಾನಪಡಿ. ಆದರೆ ಕದ್ದು ಏನನ್ನೂ ಸುರಿಯಬೇಡಿ, ಬಾಯಿಬಿಟ್ಟು ಕೇಳಿ. ಒಳಗಿರುವುದು ಯಾವ ಜೀವಿ? ತಪ್ಪಿಸಿಕೊಂಡರೆ ಏನಾಗುತ್ತದೆ? ಪರೀಕ್ಷೆ ಮಾಡುವವರು ಯಾರು? ಉತ್ತರ ಕೊಡದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಇನ್ನೊಂದು ಮಾತು: ಬ್ಯಾಟರಿ ಕೆಲಸದ ಬಟ್ಟೆಗೂ ಕೈಗೂ ಸೀಸ ಅಂಟಿರುತ್ತದೆ; ಬಟ್ಟೆ ಬದಲಿಸಿ, ಕೈ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಕೆಲಸವನ್ನು ಯಾವ ಬ್ಯಾಕ್ಟೀರಿಯಾವೂ ನಿಮ್ಮ ಬದಲು ಮಾಡುವುದಿಲ್ಲ.