ಹೆಸರು ಹಾಕಿದ ಪಾತ್ರೆ

ಚಾಪೆಯಲ್ಲಿ ಇಟ್ಟದ್ದು ಯಾರದ್ದೆಂದು ಹೇಳಬಾರದು, ಎತ್ತಿಕೊಂಡವರು ಯಾರೆಂದು ಕೇಳಬಾರದು. ನಮ್ಮ ‘ಇಷ್ಟು ಸಾಕು’ ಗುಂಪಿಗೆ ಇರುವುದು ಇದೊಂದೇ ನಿಯಮ. ಗುಂಪು ಮಾಡಿದವರು ಪುತ್ತೂರಿನ ಮಹಾಬಲಣ್ಣ. ಮೂವತ್ತು ವರ್ಷ ಕಪಾಟು, ಮಂಚ ಮಾರಿದವರು. “ಊರಿನ ಮನೆಗಳನ್ನು ತುಂಬಿಸಿದ್ದು ನಾನೇ, ಈಗ ಖಾಲಿ ಮಾಡಿಸ್ಲಿಕ್ಕೆ ಹೊರಟದ್ದೂ ನಾನೇ” ಎಂದು ಅವರೇ ನಗುತ್ತಾರೆ. ತಿಂಗಳ ಮೊದಲ ಆದಿತ್ಯವಾರ ಅವರ ಟೆರೇಸಿನಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಮನೆಯಲ್ಲಿ ಬೇಡವಾದ ಒಂದು ವಸ್ತುವನ್ನು ತಂದು ಮೂಲೆಯ ಚಾಪೆಯಲ್ಲಿ ಇಡುತ್ತೇವೆ. ಚಾ ಕುಡಿದು, ಮಾತಾಡಿ, ಹೊರಡುವಾಗ ಬೇಕಾದವರು ಬೇಕಾದ್ದು ಕೊಂಡುಹೋಗುತ್ತಾರೆ.

ಸುಳ್ಯದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಪುತ್ತೂರಿನ ಲ್ಯಾಬಿನಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತು ಬಂದು ಬಾಗಿಲು ತೆಗೆದರೆ ಕಾಲಿಗೆ ತಾಗುವುದು ಮಗಳು ಪ್ರಣೀತಾಳ ಸೈಕಲ್, ಆಮೇಲೆ ಮಡಚದ ಬಟ್ಟೆಯ ರಾಶಿ. ಒಂದನ್ನು ಎತ್ತಿಟ್ಟರೆ ಇನ್ನೊಂದು ಬೀಳುತ್ತದೆ. ಆ ಟೆರೇಸಿನಲ್ಲಿ ಮಾತ್ರ ಎರಡು ಗಂಟೆ ಯಾರೂ ನನ್ನನ್ನು ‘ಅದೆಲ್ಲಿ, ಇದೆಲ್ಲಿ’ ಎಂದು ಕೇಳುವುದಿಲ್ಲ. “ಸಾಮಾನು ಎಂತದೂ ಕಡಿಮೆ ಆಗ್ಲಿಲ್ಲ, ಫೋನಿನಲ್ಲಿ ಗುಂಪು ಒಂದು ಹೆಚ್ಚಾಯ್ತು” ಎಂದು ಗಂಡ ಜಯಪ್ರಕಾಶ್ ಕುಟುಕಿದ್ದರು. ಆ ಮಾತಿನ ಹಟಕ್ಕೇ ಇರಬೇಕು, ಈ ತಿಂಗಳು ಕೈಗೆ ಸಿಕ್ಕಿದ್ದರಲ್ಲಿ ಅತಿ ದೊಡ್ಡದನ್ನು ಕೊಂಡುಹೋದೆ. ಮೂವತ್ತಾರು ಇಡ್ಲಿ ಬೇಯುವ ಸ್ಟೀಲ್ ಪಾತ್ರೆ. ಮೂರು ಜನರ ಮನೆಗೆ ಅದು ಯಾಕೆ?

ಬುಧವಾರ ಸಂಜೆ ಗುತ್ತಿಗಾರಿನಿಂದ ಸೇವಂತಿ ಚಿಕ್ಕಮ್ಮನ ಫೋನು. ಪ್ರಣೀತಾಳಿಗೆ ಜ್ವರ ಬಂದರೆ ಮೊದಲ ಬಸ್ಸಿಗೆ ಇಳಿದು ಬರುವವರು ಅವರು. ಅವರಿಲ್ಲದಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು.

“ಶನಿವಾರ ಬರ್ತೇನೆ. ಮಗುವಿಗೆ ಇಡ್ಲಿ ಮಾಡುವ. ಪಾತ್ರೆ ಉಂಟಲ್ಲ?”

“ಉಂಟು ಚಿಕ್ಕಮ್ಮ” ಎಂದುಬಿಟ್ಟೆ.

ಫೋನು ಇಟ್ಟ ಮೇಲೆ ನೆನಪಾಯಿತು. ಅದು ನನ್ನ ಮದುವೆಗೆ ಅವರೇ ಕೊಟ್ಟದ್ದು. ಅಂಗಡಿಯ ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದರು: ಸೇವಂತಿ ಚನಿಯಪ್ಪ, ಗುತ್ತಿಗಾರು. ಹತ್ತು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಸರಿಯಾಗಿ ತಿರುಗಿಸಿ ನೋಡಿರಲಿಲ್ಲ.

ಗುರುವಾರ ಲ್ಯಾಬಿನಲ್ಲಿ ಒಂದೇ ಸ್ಯಾಂಪಲ್ಲಿಗೆ ಎರಡು ಸಲ ಚೀಟಿ ಅಂಟಿಸಿದೆ. ಮಧ್ಯಾಹ್ನ ಮಹಾಬಲಣ್ಣನಿಗೆ ಫೋನು ಮಾಡಿದೆ.

“ಕೇಳ್ಲಿಕ್ಕಿಲ್ಲ ಅಂತ ಗೊತ್ತುಂಟಲ್ಲ ಮಾರಾಯ್ತಿ?”

“ಗೊತ್ತುಂಟು. ಚಿಕ್ಕಮ್ಮನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಮಹಾಬಲಣ್ಣ.”

“ನಾನು ಹೆಸರು ಹೇಳುದಿಲ್ಲ. ಜಾಲ್ಸೂರಿನಲ್ಲಿ ಮಿಕ್ಸಿ ರಿಪೇರಿ ಮಾಡುವವರು ನಮ್ಮ ಗುಂಪಲ್ಲಿ ಎಷ್ಟು ಜನ ಇದ್ದಾರೆ, ನೀನೇ ಲೆಕ್ಕ ಹಾಕು.”

ಇದ್ದದ್ದು ಒಬ್ಬನೇ, ಶಾನವಾಝ್. ಶುಕ್ರವಾರ ಸುಳ್ಯದ ಬಸ್ಸಿನಿಂದ ಜಾಲ್ಸೂರಿನಲ್ಲೇ ಇಳಿದೆ. ಅವನು ಗ್ರೈಂಡರಿನ ಹೊಟ್ಟೆ ಬಿಚ್ಚಿ ಕೂತಿದ್ದ. ಒದರಿದಂತೆ ಎಲ್ಲ ಹೇಳಿದೆ.

“ಅದು ನಿಮ್ಮದಾ ಅಕ್ಕ? ಅಯ್ಯೋ, ಅದನ್ನು ಕೊಟ್ಟು ಬಂದೆನಲ್ಲ.”

“ಯಾರಿಗೆ?”

“ಹೆಸರಿದ್ದವರಿಗೆ. ಮನೆಗೆ ತಂದು ನೋಡಿದ್ರೆ ಹೆಸರು, ಊರು ಎಲ್ಲ ಉಂಟು. ಯಾರದ್ದೋ ಪಾತ್ರೆ ತಪ್ಪಿ ಚಾಪೆಗೆ ಬಂದದ್ದು ಅಂತ ಗ್ರಹಿಸಿದೆ. ಗುತ್ತಿಗಾರಿಗೆ ಹೇಗೂ ರಿಪೇರಿಗೆ ಹೋಗ್ಲಿಕ್ಕಿತ್ತು, ಮನೆ ಕೇಳಿ ಮುಟ್ಟಿಸಿದೆ. ಒಳ್ಳೆ ಜನ. ಊಟ ಮಾಡದೆ ಬಿಡ್ಲೇ ಇಲ್ಲ.”

“ಯಾವತ್ತು?”

“ಮಂಗಳವಾರ.”

ಅವರು ನನಗೆ ಫೋನು ಮಾಡಿದ್ದು ಬುಧವಾರ. ಪಾತ್ರೆ ಕಣ್ಣೆದುರು ಇಟ್ಟುಕೊಂಡೇ ಕೇಳಿದ್ದರು. ನಾನು ಉಂಟು ಎಂದಿದ್ದೆ.

ಶನಿವಾರ ಚಿಕ್ಕಮ್ಮ ಬಂದಾಗ ಚೀಲದಿಂದ ಮೊದಲು ಹೊರಗೆ ಬಂದದ್ದು ಅದೇ. ನೀರಿಟ್ಟರು, ಹಿಟ್ಟು ಹೊಯ್ದರು. ನಾನು ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ. ಪ್ರಣೀತಾ ನಾಲ್ಕು ಇಡ್ಲಿ ತಿಂದು ಆಡಲು ಓಡಿದಳು.

“ಸುಳ್ಳು ಹೇಳಿದೆ ಚಿಕ್ಕಮ್ಮ” ಎಂದೆ ಕೊನೆಗೆ.

“ಕೊಟ್ಟದ್ದಕ್ಕೆ ನಂಗೆ ಬೇಜಾರಿಲ್ಲ. ಉಂಟು ಅಂದಿಯಲ್ಲ, ಅದಕ್ಕೆ.” ಕೈ ತೊಳೆದು ಸೆರಗಿಗೆ ಒರಸಿಕೊಂಡರು. “ಆ ಶಾನವಾಝ್ ಚಾಪೆಯ ಸಂಗತಿ ಎಲ್ಲ ಹೇಳಿದ. ನನ್ನ ಅಟ್ಟದಲ್ಲಿಯೂ ಯಾರ್ಯಾರದ್ದೋ ಹೆಸರು ತುಂಬಿ ಹೋಗಿದೆ. ಮುಂದಿನ ತಿಂಗಳು ನನ್ನನ್ನೂ ಕರ್ಕೊಂಡು ಹೋಗು. ನೀನು ಕೊಟ್ಟ ಕೊಡಪಾನ ತರ್ತೇನೆ.”

ಕೆಲಸ ಸಿಕ್ಕಿದ ತಿಂಗಳು ಅವರಿಗೆ ಕೊಟ್ಟದ್ದು. ನನ್ನ ಹೆಸರು ಹಾಕಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು.

“ಅದು ಬೇಡ ಚಿಕ್ಕಮ್ಮ.”

“ಯಾಕೆ? ಮನೆಯಲ್ಲಿ ನಾವೀಗ ಇಬ್ಬರೇ. ಅಷ್ಟು ನೀರು ಯಾರು ಕುಡಿಯುದು?”

ನಾನು ಇಡ್ಲಿ ಪಾತ್ರೆಯನ್ನು ತೊಳೆದು ಒಲೆಯ ಪಕ್ಕ ಕವುಚಿಟ್ಟೆ.

ಮುಂದಿನ ತಿಂಗಳ ಆದಿತ್ಯವಾರ ಟೆರೇಸಿನಲ್ಲಿ ಚಿಕ್ಕಮ್ಮನಿಗೆ ಹತ್ತು ನಿಮಿಷದಲ್ಲಿ ಎಲ್ಲರ ಪರಿಚಯವಾಯಿತು. ಒಂದು ವರ್ಷದಲ್ಲಿ ನನಗೆ ಗೊತ್ತಾಗದ್ದು ಅವರು ಮೊದಲ ಚಾದಲ್ಲೇ ಕೇಳಿ ತಿಳಿದುಕೊಂಡರು: ಮಹಾಬಲಣ್ಣನ ಹೆಂಡತಿಗೆ ಮೊಣಕಾಲು ನೋವು, ಶಾನವಾಝ್‌ನ ತಂಗಿಗೆ ಹೆರಿಗೆ ಹತ್ತಿರ. ನನ್ನ ಕಣ್ಣು ಮಾತ್ರ ಚಾಪೆಯನ್ನು ಬಿಡಲಿಲ್ಲ. ಒಬ್ಬರು ಕೊಡಪಾನವನ್ನು ಎತ್ತಿ ತೂಗಿ ನೋಡಿದರು, ಇಟ್ಟರು. ಇನ್ನೊಬ್ಬರು ಬೆರಳಿನಿಂದ ಬಡಿದು ನೋಡಿದರು. ನನ್ನ ಚಾ ಹಾಗೇ ತಣಿಯಿತು.

ಹೊರಡುವ ಹೊತ್ತಿಗೆ ಶಾನವಾಝ್ ಅದನ್ನು ಎತ್ತಿದ. ತಿರುಗಿಸಿ ಓದಿದ. “ಇದರಲ್ಲಿಯೂ ಹೆಸರು ಉಂಟು. ಈ ಸಲ ಕೇಳಿಯೇ ಕೊಂಡುಹೋಗ್ತೇನಪ್ಪ, ಮತ್ತೆ ಊರೂರು ತಿರುಗ್ಲಿಕ್ಕೆ ನಂಗಾಗುದಿಲ್ಲ.”

ಎಲ್ಲರೂ ನಕ್ಕರು. ಚಿಕ್ಕಮ್ಮ ನನ್ನ ಕಡೆ ನೋಡಲೇ ಇಲ್ಲ.

“ಅದು ನನಗೆ ಬೇಕು” ಎಂದೆ.

“ನಿಯಮ ಹೋಯ್ತು” ಎಂದರು ಮಹಾಬಲಣ್ಣ. ಆದರೆ ಚಾಪೆ ಮಡಚುತ್ತಾ ನಗುತ್ತಿದ್ದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೊಡಪಾನ ನನ್ನ ಮಡಿಲಲ್ಲಿತ್ತು. ಪ್ರತಿ ತಿರುವಿಗೂ ಕಿಟಕಿಯ ಸರಳಿಗೆ ತಾಗಿ ಸದ್ದು ಮಾಡುತ್ತಿತ್ತು, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

“ಇದನ್ನೀಗ ಎಲ್ಲಿ ಇಡ್ತಿ?” ಚಿಕ್ಕಮ್ಮ ಕೇಳಿದರು.

“ಜಾಗ ಇಲ್ಲ” ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.

ಅವರು ಅದನ್ನು ನನ್ನ ಮಡಿಲಿನಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಸದ್ದಾಗದ ಹಾಗೆ ಬಾಯಿಗೆ ಅಂಗೈ ಮುಚ್ಚಿ ಹಿಡಿದರು. “ಹಾಗಾದ್ರೆ ನನ್ನ ಅಟ್ಟದಲ್ಲೇ ಇರ್ಲಿ. ಇಡ್ಲಿ ಪಾತ್ರೆ ನಿನ್ನಲ್ಲಿ ಇರ್ಲಿ, ನಾನು ಬಂದಾಗ ಬೇಕಲ್ಲ.”

ಜಾಲ್ಸೂರು ದಾಟಿತು. ಇಡ್ಲಿ ಪಾತ್ರೆಗೆ ಯಾವ ಮೂಲೆ ಖಾಲಿ ಮಾಡಲಿ ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ.