ಸಿರಾದ ಬಳ್ಳಿ

ಮಾಘದ ಬಿಸಿಲು ಇನ್ನೂ ಕಾವೇರಿರಲಿಲ್ಲ. ರಾಗಿಯ ಕಣ ಮುಗಿದು ಎತ್ತುಗಳಿಗೆ ಬಿಡುವು ಸಿಕ್ಕಿತ್ತು. ಅಂಥದೊಂದು ಜೋಡಿ ಮಧುಗಿರಿ ಬೆಟ್ಟದ ಬುಡದಲ್ಲಿ, ಚಂದ್ರಶೇಖರಯ್ಯನವರ ಹೊಸ ಮನೆಯ ಪಕ್ಕದಲ್ಲಿ, ಬೆಳಗಿನಿಂದ ಗಾರೆಯ ಗಾಣ ಸುತ್ತುತ್ತಿತ್ತು. ಕಲ್ಲಿನ ಗಾಲಿ ಸುಣ್ಣ ಮರಳನ್ನು ಅರೆಯುತ್ತಿದ್ದಂತೆ ಪಾಲಪ್ಪ ಬೆಲ್ಲದ ನೀರು ಚಿಮುಕಿಸಿ, ಒಂದು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿ, ಇನ್ನೂ ಬೆಣ್ಣೆಯಾಗಿಲ್ಲವೆಂದು ಎತ್ತುಗಳನ್ನು ಮತ್ತೆ ಹೊಡೆಯುತ್ತಿದ್ದ. ಉಳಿದದ್ದು ಹಿತ್ತಲ ಗೋಡೆ ಮಾತ್ರ. ಮಾರನೆಯ ದಿನವೇ ಗೃಹಪ್ರವೇಶ, ಪಾದಪೂಜೆಗೆ ಮಠದ ಅಯ್ಯನವರು ಬರುವವರಿದ್ದರು. ಆದರೂ ಅವನು ನೆಪ ಮಾಡಿಕೊಂಡು ಮುಂಬಾಗಿಲಿಗೆ ಹೋಗಿ ಬರುತ್ತಿದ್ದ. ಜಗಲಿಯ ಮೊದಲ ಮೆಟ್ಟಿಲಿನ ಮುಖಕ್ಕೆ ಅವನು ಗಾರೆಯಲ್ಲಿ ಎತ್ತಿದ್ದ ಐದು ಬಳ್ಳಿಗಳನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು.

ಐ.ಡಿ.ಹಳ್ಳಿಯ ಪಾಲಪ್ಪನ ಗಾರೆಗೆ ಹೆಸರಿತ್ತು. ಅವನ ಬೊಂಬೆಗಳಿಗೆ ಇರಲಿಲ್ಲ. ಮನೆಗಳ ನೆತ್ತಿಯ ಮೇಲೆ ಅವನು ಕೂರಿಸಿದ ಸಿಂಹಗಳನ್ನು ಕಂಡವರು, ಕಳ್ಳರು ಬಂದರೆ ಇವು ಬೊಗಳುತ್ತವೆಯೇ ಎಂದು ಕೇಳುತ್ತಿದ್ದರು. ಜವಳಿ ವ್ಯಾಪಾರಕ್ಕೆ ಸಿರಾಕ್ಕೆ ಹೋಗಿ ಬರುತ್ತಿದ್ದ ಚಂದ್ರಶೇಖರಯ್ಯನವರೂ ಕೆಲಸ ಒಪ್ಪಿಸುವಾಗ ನಕ್ಕು, ಅಲ್ಲಿನ ಹಳೇ ಕಟ್ಟಡಗಳನ್ನು ಒಮ್ಮೆ ನೋಡಿಕೊಂಡು ಬಾ, ನನ್ನ ಜಗಲಿಗೆ ನಾಯಿ ಬೇಡ ಎಂದು ಕಳಿಸಿದ್ದರು.

ಸಿರಾದಲ್ಲಿ ಪಾಲಪ್ಪ ಮೊದಲ ದಿನ ಬರಿದೇ ಅಲೆದ. ಒಂದರ ಹಿಂದೊಂದು ನಿಂತ ಕಮಾನುಗಳು, ಕಲ್ಲಿನಲ್ಲಿ ಅರಳಿದ ಹೂಗಳು. ಒಂದು ಗುಮ್ಮಟದ ಒಳಗೆ ನಿಂತು, ಇಷ್ಟು ಭಾರ ಯಾವುದರ ಮೇಲೆ ನಿಂತಿದೆಯೋ ತಿಳಿಯದೆ ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಅಲ್ಲಿ ಬಿರುಕಿಗೆ ಗಾರೆ ತುಂಬುತ್ತಿದ್ದ ಮುದುಕರೊಬ್ಬರು ಅಟ್ಟಣೆಯಿಂದ ಇಳಿದು ಬಂದರು. ಸುಣ್ಣ ತಿಂದ ಉಗುರು ನೋಡಿಯೇ ಅವರಿಗೆ ಅವನ ಕಸುಬು ತಿಳಿಯಿತು. ಅವರು ದಸ್ತಗೀರ್ ಸಾಬರು. ಮೂರು ದಿನ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ತಮ್ಮ ಒಲೆಯ ಅಡುಗೆ ಅವನು ಉಣ್ಣಲಾರನೆಂದು ತಾವಾಗಿಯೇ ತಿಳಿದು, ಹೊಸ ಮಡಕೆ, ರಾಗಿ ಹಿಟ್ಟು, ಸೌದೆ ಕೊಟ್ಟು ಬೇವಿನ ಮರದಡಿ ಒಲೆ ಹೂಡಿಸಿದರು. ದಾರ ಹಿಡಿದು ಕಮಾನು ಎಳೆಯುವುದನ್ನೂ, ಗಾರೆ ಹಸಿಯಿರುವಾಗಲೇ ಎಲೆಯ ಅಂಚಿನ ಹಿಂದೆ ಕೊರೆದು ನೆರಳು ಬೀಳಿಸುವುದನ್ನೂ ತೋರಿಸಿದರು. ಕಸುಬಿನವರು ಹೆತ್ತ ಮಕ್ಕಳಿಗೂ ತಡಮಾಡಿ ಹೇಳುವ ಗುಟ್ಟುಗಳು ಅವು.

ಹೊರಡುವ ದಿನ ಸಾಬರು ನಮಾಜಿಗೆ ಹೋಗಿದ್ದಾಗ, ದಾರಿಯ ಜನಕ್ಕೆಂದು ಅವರು ಕಟ್ಟಿಸಿದ್ದ ಬಾವಿಯ ಕಟ್ಟೆಯಲ್ಲಿ ಪಾಲಪ್ಪ ಒಂದು ಬಳ್ಳಿ ಕಂಡ. ಎಲೆ, ಹೂಗಳ ನಡುವೆ ಅದು ಬಾಗಿ, ಏರಿ, ತನ್ನನ್ನೇ ಸುತ್ತಿಕೊಂಡು ಹರಿದಿತ್ತು. ಊರೆಲ್ಲ ಸುತ್ತಿದರೂ ಅಂಥದು ಕಂಡಿರಲಿಲ್ಲ. ಕೇಳಿದರೆ ಸಾಬರು ಇಲ್ಲವೆನ್ನುತ್ತಿರಲಿಲ್ಲ. ಆದರೆ ಕೇಳಿ ಪಡೆದರೆ ಅದು ಸಾಬರದಾಗಿಯೇ ಉಳಿಯುತ್ತಿತ್ತು. ಒಲೆಯ ಇದ್ದಲಿನಿಂದ ತಾನು ಹೊದೆಯುವ ವಲ್ಲಿಯ ಒಳಮಗ್ಗುಲಿಗೆ ಅದನ್ನು ಬರೆದುಕೊಂಡು, ಮಡಿಸಿ ಹೆಗಲಿಗೆ ಹಾಕಿಕೊಂಡ.

ಎಲ್ಲಿಂದ ಕಲಿತೆ ಎಂದು ಚಂದ್ರಶೇಖರಯ್ಯನವರು ಕೇಳಿದಾಗ, ನನ್ನ ತಲೆಯೊಳಗೇ ಇತ್ತು ಎಂದಿದ್ದ. ಅಂದಿನಿಂದ ಯಾರೂ ಸಿಂಹದ ಮಾತೆತ್ತಿರಲಿಲ್ಲ.

ಗೃಹಪ್ರವೇಶದ ಹಿಂದಿನ ಸಂಜೆ, ಗಾಣದ ಎತ್ತು ಬಿಚ್ಚುವ ಹೊತ್ತಿಗೆ ದಸ್ತಗೀರ್ ಸಾಬರು ಬಂದರು. ಸಂತೆಗೆ ಬಂದವರು, ಹುಡುಗನ ಕೆಲಸ ನೋಡಿ ಹೋಗೋಣವೆಂದು ವಿಚಾರಿಸಿಕೊಂಡು ಬಂದಿದ್ದರು. ಚಂದ್ರಶೇಖರಯ್ಯನವರು ಮರ್ಯಾದೆಯಿಂದ ಬರಮಾಡಿಕೊಂಡು ಕಾಲಿಗೆ ನೀರು ಕೊಡಿಸಿದರು. ಆ ಮನೆಗೆ ಬಂದವರು ಕಾಲು ತೊಳೆಯುವ ಹಾಸುಗಲ್ಲು ಆ ಮೆಟ್ಟಿಲಿನ ಬುಡದಲ್ಲೇ ಇತ್ತು. ಸಾಬರು ಚೊಂಬು ಬಗ್ಗಿಸಿದವರು ಹಾಗೇ ತಡೆದರು. ಚೊಂಬು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಬಳ್ಳಿಯ ಮೇಲೆ ಬೆರಳಾಡಿಸಿದರು. ಬೆರಳು ಬಲಗಡೆಯಿಂದ ಎಡಗಡೆಗೆ ಹೋಗುತ್ತಿತ್ತು; ಅಲ್ಲಲ್ಲಿ ನಿಂತು ನಿಂತು ಹೋಗುತ್ತಿತ್ತು. ಬಳ್ಳಿಯನ್ನು ಯಾರೂ ಹಾಗೆ ಮುಟ್ಟುವುದಿಲ್ಲ. ಸಾಬರು ಓದುತ್ತಿದ್ದಾರೆಂದು ಪಾಲಪ್ಪನಿಗೆ ಆಗ ಹೊಳೆಯಿತು.

"ನಮ್ಮ ಪಾಲಪ್ಪ ತನ್ನ ತಲೆಯಿಂದ್ಲೇ ತೆಗ್ದಿದ್ದು ಸಾಬ್ರೇ," ಎಂದರು ಚಂದ್ರಶೇಖರಯ್ಯನವರು. "ನಿಮ್ ಸಿರಾದಾಗೆ ಐತಾ ಇಂಥದ್ದು?"

ಸಾಬರು ಪಾಲಪ್ಪನ ಮುಖ ನೋಡಿದರು. ಪಾಲಪ್ಪ ಎತ್ತುಗಳ ಕಡೆ ನೋಡಿದ.

"ಚಂದಾಗೈತೆ ಸ್ವಾಮಿ," ಎಂದರು ಸಾಬರು. "ಕೈ ಚಂದಾಗೈತೆ."

ಕಾಲು ತೊಳೆಯಲಿಲ್ಲ. ತಾಂಬೂಲ ತೆಗೆದುಕೊಂಡು ಹೊರಟವರ ಹಿಂದೆ ಪಾಲಪ್ಪ ಕೆರೆಯ ಏರಿಯವರೆಗೂ ನಡೆದ. ಏರಿಯ ಮೇಲೆ ಕೊನೆಗೆ ಕೇಳಿದ.

"ಏನಂತ ಐತೆ ಸಾಬ್ರೇ ಅದ್ರಾಗೆ?"

"ನಮ್ಮಮ್ಮನ ಹೆಸ್ರು ಕಣಪ್ಪ. ಹೆಸ್ರು ಅಷ್ಟೇ, ಇನ್ನೇನಿಲ್ಲ." ಸಾಬರು ಏರಿಯ ಮೇಲೆ ನಿಂತಿದ್ದ ಗಾಡಿಯ ಕಡೆ ತಿರುಗಿದರು. "ಐದು ಸಲ ಬರ್ದಿದೀಯ. ಒಂದು ಅಕ್ಷರನೂ ತಪ್ಪಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಜಮಾನರಿಗೆ ಹೇಳಬೇಡ, ನಿನ್ನ ಹೆಸರು ಕೆಡುತ್ತದೆ ಎಂದು ಬುದ್ಧಿ ಹೇಳಿ ಅವರು ಗಾಡಿ ಹತ್ತಿದರು.

ರಾತ್ರಿಯೆಲ್ಲ ಒದ್ದಾಡಿ ಪಾಲಪ್ಪ ಬೆಳಗಾಗುತ್ತಲೇ ಚಂದ್ರಶೇಖರಯ್ಯನವರ ಎದುರು ನಿಂತ. ತೋರಣ ಕಟ್ಟುತ್ತಿದ್ದ ಆಳುಗಳು ಕೇಳುವಂತೆಯೇ ಹೇಳಿದ: ಬಳ್ಳಿ ತನ್ನದಲ್ಲ, ಕದ್ದದ್ದು, ಬಳ್ಳಿಯೂ ಅಲ್ಲ, ಒಬ್ಬ ತಾಯಿಯ ಹೆಸರು. ಆಳುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಯಜಮಾನರು ನಗಲಿಲ್ಲ. ಇಷ್ಟು ದಿನ ಬಂದವರಿಗೆಲ್ಲ ತಾವೇ ಕರೆದು ತೋರಿಸಿದ್ದನ್ನು ನೆನೆದು ಅವರ ಮುಖ ಸಣ್ಣದಾಗಿತ್ತು.

"ಅಯ್ಯನೋರು ಬರೋವಷ್ಟ್ರಲ್ಲಿ ತೆಗ್ದುಬುಡು," ಎಂದರು. "ಇನ್ಮೇಲೆ ನಮ್ಮನೆ ಕಡೆ ಉಳಿ ಹಿಡ್ಕೊಂಡು ಬರಬ್ಯಾಡ."

ಪಾಲಪ್ಪ ವಲ್ಲಿ ಹಾಸಿ, ಚೂರು ನೆಲಕ್ಕೆ ಬೀಳದಂತೆ ಒಂದೊಂದೇ ಹೆಸರನ್ನು ಉಳಿಯಿಂದ ಬಿಡಿಸತೊಡಗಿದ. ಅವನದೇ ಗಾರೆ, ಸುಲಭಕ್ಕೆ ಬಿಡಲಿಲ್ಲ. ನಾಲ್ಕು ಬಿಡಿಸುವಷ್ಟರಲ್ಲಿ ಬೀದಿಯ ತುದಿಯಲ್ಲಿ ಶಂಖ ಕೇಳಿತು. ಅಯ್ಯನವರು ಮೆಟ್ಟಿಲಲ್ಲಿರುವಾಗ ಒಡೆಯುವ ಸದ್ದು ಬೇಡ, ಉಳಿದದ್ದನ್ನು ಮೆತ್ತಿಬಿಡು ಎಂದು ಯಜಮಾನರು ಗದರಿದರು. ಪಾಲಪ್ಪ ಬೇಡಿಕೊಂಡ. ಶಂಖ ಹತ್ತಿರವಾಯಿತು. ಅವನು ಬೆಣ್ಣೆಯಂಥ ಗಾರೆ ತಂದು, ಐದನೆಯ ಹೆಸರಿನ ತಿರುವು ತಿರುವಿಗೂ ತನ್ನ ಕೈಯಿಂದಲೇ ತುಂಬಿ, ಕರಣೆಯಿಂದ ಸಮ ಮಾಡಿ, ಪಕ್ಕಕ್ಕೆ ಸರಿದ. ಅಯ್ಯನವರ ಪಾದಕ್ಕೆ ಎರೆದ ನೀರು ಅದರ ಮೇಲೆ ಹರಿದು ಬಂತು.

ಗಂಟು ಹೊತ್ತುಕೊಂಡು ಅವನು ಸಿರಾಕ್ಕೆ ನಡೆದೇ ಹೋದ. ದಸ್ತಗೀರ್ ಸಾಬರು ಬಾವಿಯ ಕಟ್ಟೆಯ ಮೇಲೆ ವಲ್ಲಿ ಬಿಚ್ಚಿ, ಚೂರುಗಳನ್ನು ಜೋಡಿಸಿ ಜೋಡಿಸಿ ನೋಡಿದರು.

"ನಾಲ್ಕು ಐತೆ."

ಪಾಲಪ್ಪ ನಡೆದದ್ದನ್ನು ಹೇಳಿದ. ತಾನೇ ಮೆತ್ತಿದ್ದೆಂಬುದನ್ನೂ ಮುಚ್ಚಿಡಲಿಲ್ಲ. ಸಾಬರು ಬೇವಿನ ಬುಡದಲ್ಲಿ ಗುಂಡಿ ತೋಡಿ ಚೂರುಗಳನ್ನು ಮುಚ್ಚಿದರು. ಅವನು ಕೈ ಹಚ್ಚಲು ಹೋದಾಗ ಬೇಡವೆಂದರು.

"ಮನೆ ಅಂದ್ಮೇಲೆ ಹಳೇದಾಗ್ತದೆ, ರಿಪೇರಿ ಬರ್ತದೆ," ಎಂದರು ಕೈ ತೊಳೆಯುತ್ತಾ. "ಆಗ ತಂದ್ಕೊಡು. ಅಲ್ಲೀವರ್ಗೂ ನಿನ್ ಮ್ಯಾಲೆ ಬಾಕಿ."

ಮಧುಗಿರಿಗೆ ಹೋದಾಗಲೆಲ್ಲ ಪಾಲಪ್ಪ ಆ ಬೀದಿಯಲ್ಲಿ ಹಾದುಬರುತ್ತಿದ್ದ. ಏಳು ಮಳೆಗಾಲ ಕಳೆಯಿತು. ಸಾಬರು ತೀರಿಕೊಂಡ ಸುದ್ದಿ ಸಂತೆಯಲ್ಲಿ ಕಿವಿಗೆ ಬಿದ್ದ ದಿನವೂ ಹೋಗಿ ಆ ಮೆಟ್ಟಿಲ ಮುಂದೆ ಬಗ್ಗಿ ನೋಡಿದ. ಅವನ ಗಾರೆ ಕೂದಲೆಳೆಯಷ್ಟು ಬಿರುಕೂ ಬಿಟ್ಟಿರಲಿಲ್ಲ.